ರಕ್ತದಲ್ಲಿ ಮೇದಸ್ಸಿನ ಕಮಟು

ಫಲ್ಗುಣೀ ತೀರದ ಪೊಳಲಿಯಂತಹ ಊರುಗಳಲ್ಲಿ ಮಳೆಗಾಲದ ತೇವಕ್ಕೆ ಕೊಬ್ಬರಿ ಬೂಸಲು ಹಿಡಿದು ಎಣ್ಣೆ ಕೆಡುವುದುಂಟು. ಅದು ಬಹುಮಟ್ಟಿಗೆ ನೀರಿನ ಮತ್ತು ಬೂಸಲಿನ ಕೆಲಸ. ಕಡಲೆಕಾಯಿ ಎಣ್ಣೆಯಲ್ಲಿ ಕರಿದ ಚಕ್ಕುಲಿ ತೆರೆದ ಡಬ್ಬಿಯಲ್ಲಿ ಕೆಲವು ವಾರಗಳಿದ್ದು ಪಡೆಯುವ ಕಮಟು ವಾಸನೆಯಾದರೋ ಗಾಳಿಯ ಆಮ್ಲಜನಕದಿಂದ ಉಂಟಾದುದು. ಈ ಎರಡನೆಯ ಬಗೆಯ ಕೇಡು ಮನುಷ್ಯದೇಹದಲ್ಲಿಯೂ ನಡೆಯುತ್ತದೆ. ವಿಜ್ಞಾನಿಗಳು ಇದನ್ನು ಲಿಪಿಡ್ ಪೆರಾಕ್ಸಿಡೀಕರಣವೆನ್ನುತ್ತಾರೆ. ಇಂತಹ ಉದ್ದದ ಹೆಸರಿಗಿಂತ ಅಡುಗೆಮನೆಯ 'ಕಮಟು' ಎಂಬ ಮಾತೇ ಅರ್ಥವನ್ನು ಚೆನ್ನಾಗಿ ಹಿಡಿದುಕೊಡುತ್ತದೆ.

ಜೀವಕೋಶದ ಪೊರೆಯಲ್ಲಿ ಅಪರ್ಯಾಪ್ತ ಮೇದಾಮ್ಲಗಳಿವೆ. ಚಂಚಲವಾದ ಮುಕ್ತ ರಾಡಿಕಲ್ ಒಂದು ಅವುಗಳಿಂದ ಜಲಜನಕದ ಪರಮಾಣುವನ್ನು ಕಿತ್ತುಕೊಂಡರೆ, ಆ ಸ್ಥಾನದಲ್ಲಿ ಆಮ್ಲಜನಕ ಸೇರಿ, ಹೊಸ ರಾಡಿಕಲ್ ಹುಟ್ಟಿ, ನೆರೆಯ ಅಣುವನ್ನು ಕೆಣಕುತ್ತದೆ. ಈ ಸರಪಳಿಯನ್ನು ತುಂಡರಿಸುವುದು 'ಇ' ಜೀವಸತ್ತ್ವದ ಕಾರ್ಯ. ಕಡೆಗೆ ಉಳಿಯುವ ಚೂರುಗಳಲ್ಲಿ ಮೆಲಾನ್‌ಡೈಆಲ್ಡಿಹೈಡ್ ಒಂದು. ಮಧುಮೇಹ, ಮೂತ್ರಪಿಂಡದ ವೈಫಲ್ಯ, ಧೂಮಪಾನ ಇವುಗಳಲ್ಲಿ ಇದು ಹೆಚ್ಚಿರುವುದನ್ನು ಅನೇಕ ಅಧ್ಯಯನಗಳು ಕಂಡಿವೆ.

ಅಳೆಯುವ ಕ್ರಮ ಸರಳ. ಪ್ಲಾಸ್ಮಾಕ್ಕೆ ಆಮ್ಲವನ್ನೂ ಥಯೋಬಾರ್ಬಿಟ್ಯೂರಿಕ್ ಆಮ್ಲವನ್ನೂ ಬೆರೆಸಿ ಸುಮಾರು 95 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ಗುಲಾಬಿ ಬಣ್ಣ ಬರುತ್ತದೆ. ಸ್ಪೆಕ್ಟ್ರೋಫೋಟೋಮೀಟರಿನಲ್ಲಿ 532 ನ್ಯಾನೋಮೀಟರ್ ತರಂಗಾಂತರದ ಬೆಳಕನ್ನು ಅದು ಎಷ್ಟು ಹೀರುವುದೆಂದು ನೋಡಿ ಪ್ರಮಾಣವನ್ನು ನಿರ್ಣಯಿಸುತ್ತಾರೆ.

ತೊಡಕಿರುವುದು ಬಣ್ಣ ಬರುವುದಕ್ಕೆ ಮುಂಚೆ. ಪೊಳಲಿಯಲ್ಲಿ ತೆಗೆದ ರಕ್ತ ಮಂಗಳೂರಿನ ಪ್ರಯೋಗಾಲಯವನ್ನು ಸೇರಬೇಕೆಂದು ಭಾವಿಸೋಣ. ದಾರಿಯಲ್ಲಿ ಬಿಸಿಲು ತಾಗಿದರೆ ಕೊಳವೆಯೊಳಗೇ ಮೇದಸ್ಸು ಕಮಟತೊಡಗುತ್ತದೆ. ಕೆಂಪುಕಣ ಒಡೆದರೆ ಹೊರಬಂದ ಕಬ್ಬಿಣದ ಅಂಶ ಅದಕ್ಕೆ ಇಂಬುಗೊಡುತ್ತದೆ. ಆಗ ದೊರೆಯುವ ಅಂಕಿ ರೋಗಿಯದಲ್ಲ, ದಾರಿಯದು! ಆದುದರಿಂದ ಕಬ್ಬಿಣವನ್ನು ಬಂಧಿಸುವ ಇ.ಡಿ.ಟಿ.ಎ. ಇರುವ ಕೊಳವೆಯಲ್ಲಿ ರಕ್ತವನ್ನು ಹಿಡಿದು, ಮಂಜುಗಡ್ಡೆಯಲ್ಲಿಟ್ಟು, ಬೇಗನೆ ಪ್ಲಾಸ್ಮಾವನ್ನು ಬೇರ್ಪಡಿಸಬೇಕು. ಬಹುದಿನ ಇಡುವುದಾದರೆ ಶೂನ್ಯಕ್ಕಿಂತ 80 ಡಿಗ್ರಿ ಕೆಳಗಿನ ಶೈತ್ಯ ಬೇಕು; 20 ಡಿಗ್ರಿ ಕೆಳಗಿನ ಶೈತ್ಯ ಸಾಲದು. ಕಾಯಿಸುವಾಗಲೂ ಹೊಸ ಕಮಟು ಹುಟ್ಟದಂತೆ ಬಿ.ಎಚ್.ಟಿ. ಎಂಬ ಉತ್ಕರ್ಷಣ ನಿರೋಧಕವನ್ನು ಬೆರೆಸುವುದು ವಾಡಿಕೆ.

ಇಷ್ಟಾದರೂ ಸಕ್ಕರೆ, ಬಿಲಿರುಬಿನ್ ಮೊದಲಾದವು ಇದೇ ಪರೀಕ್ಷೆಯಲ್ಲಿ ಬಣ್ಣ ಕೊಟ್ಟು ಲೆಕ್ಕ ತಪ್ಪಿಸುತ್ತವೆ. ಮಧುಮೇಹಿಯ ರಕ್ತದಲ್ಲಿ ಸಕ್ಕರೆಯೇ ಹೆಚ್ಚಿರುವುದರಿಂದ ಈ ಸಂದೇಹ ಸಣ್ಣದಲ್ಲ. ಆದಕಾರಣ ಒಂದೇ ಅಂಕಿಯಿಂದ ಒಬ್ಬನನ್ನು ರೋಗಿಯೆನ್ನಲಾಗದು. ಸಮವಯಸ್ಕರಾದ ಆರೋಗ್ಯವಂತರ ರಕ್ತವನ್ನು ಅದೇ ದಿನ, ಅದೇ ಕ್ರಮದಲ್ಲಿ ಪರೀಕ್ಷಿಸಿ ಹೋಲಿಸಬೇಕು. 1990ರಲ್ಲಿ ಅಮೆರಿಕದ ಮಾರೊ ಮತ್ತು ರಾಬರ್ಟ್ಸ್ ಮೊದಲಾದವರು ವರ್ಣಿಸಿದ ಎಫ್-2 ಐಸೊಪ್ರಾಸ್ಟೇನುಗಳು ಹೆಚ್ಚು ನಂಬಲರ್ಹ ಸೂಚಕಗಳು. ಅವನ್ನು ನಿಖರವಾಗಿ ಅಳೆಯಲು ಬೇಕಾದ ಮಾಸ್ ಸ್ಪೆಕ್ಟ್ರೋಮೀಟರ್ ದುಬಾರಿಯಾದುದರಿಂದ, ಗುಲಾಬಿ ಬಣ್ಣದ ಹಳೆಯ ಪರೀಕ್ಷೆಯೇ ಇಂದಿಗೂ ಅನೇಕ ಪ್ರಯೋಗಾಲಯಗಳಲ್ಲಿ ನಡೆಯುತ್ತಿದೆ.