ಮೊಬೈಲ್ ಮೂಲಕ ಕರ ಪಾವತಿ: ಹಣ ಪಂಚಾಯತಿ ನಿಧಿಗೆ ಸೇರಿ, ಮನೆಯ ಲೆಕ್ಕಕ್ಕೆ ಜಮೆಯಾಗುವವರೆಗೆ

(ಗ್ರಾಮ ಪಂಚಾಯತಿ ಸದಸ್ಯರ ಅಧ್ಯಯನಕ್ಕಾಗಿ)

ಗ್ರಾಮ ಪಂಚಾಯತಿ ಕಚೇರಿಯ ಗೋಡೆಯ ಮೇಲೆ, ಕರ ವಸೂಲಿಗಾರರ ಚೀಲದಲ್ಲಿ, ಸಂತೆ ಸುಂಕ ಎತ್ತುವವರ ಕೈಯಲ್ಲಿ ಕ್ಯೂಆರ್ ಕೋಡ್‌ನ ಫಲಕ ಕಾಣುವುದು ಈಗ ಸಾಮಾನ್ಯ. ಕೇಂದ್ರ ಪಂಚಾಯತ್ ರಾಜ್ ಸಚಿವಾಲಯವು ಪಂಚಾಯತಿಗಳಲ್ಲಿ ಯುಪಿಐ ಸೌಲಭ್ಯ ಕಲ್ಪಿಸುವಂತೆ 2023ರಲ್ಲಿ ರಾಜ್ಯಗಳಿಗೆ ಸೂಚಿಸಿತ್ತು. ಈ ವ್ಯವಸ್ಥೆಯನ್ನು ನಡೆಸುವ ಹೊಣೆ ಪಂಚಾಯತಿ ಅಭಿವೃದ್ಧಿ ಅಧಿಕಾರಿ ಹಾಗೂ ಸಿಬ್ಬಂದಿಯದು. ಆದರೆ "ದುಡ್ಡು ಕಟ್ಟಿದ್ದೇವೆ, ಆದರೂ ಬಾಕಿ ಎಂದು ನೋಟಿಸ್ ಬಂದಿದೆ" ಎಂಬ ದೂರು ಮೊದಲು ತಲುಪುವುದು ವಾರ್ಡಿನ ಸದಸ್ಯರ ಮನೆ ಬಾಗಿಲಿಗೆ. ಆ ದೂರು ಏಕೆ ಹುಟ್ಟುತ್ತದೆ, ಅದನ್ನು ಹೇಗೆ ಬಗೆಹರಿಸಬಹುದು ಎಂಬುದನ್ನು ತಿಳಿಯಲು ಈ ಪಾವತಿ ನಡೆಯುವ ಬಗೆಯನ್ನು ಸದಸ್ಯರು ಸ್ವಲ್ಪಮಟ್ಟಿಗಾದರೂ ಅರಿತಿರಬೇಕಾಗುತ್ತದೆ.

ಒಂದು ಕಲ್ಪಿತ ನಿದರ್ಶನವನ್ನು ಪರಿಶೀಲಿಸಬಹುದು. ವೃದ್ಧೆಯೊಬ್ಬರ ಹೆಸರಿನಲ್ಲಿರುವ ಮನೆಗೆ ಕಂದಾಯ ಮತ್ತು ನೀರಿನ ಶುಲ್ಕ ಸೇರಿ 1,340 ರೂಪಾಯಿ ಬೇಡಿಕೆ ಇದೆ. ನೀರುಗಂಟಿ ಮನೆಗೆ ಬಂದ ದಿನ ಅವರ ಕೈಯಲ್ಲಿ ನಗದು ಇಲ್ಲ. ಬೆಂಗಳೂರಿನಲ್ಲಿರುವ ಮಗನಿಗೆ ಕರೆ ಹೋಗುತ್ತದೆ. ಮಗ ನೀರುಗಂಟಿಯ ಮೊಬೈಲ್ ಸಂಖ್ಯೆಗೇ ಹಣ ಕಳುಹಿಸುತ್ತಾರೆ. ಫೋನಿನಲ್ಲಿ ಹಸಿರು ಗುರುತು ಮೂಡಿದ್ದನ್ನು ಕಂಡು ಎಲ್ಲರೂ ನಿಶ್ಚಿಂತರಾಗುತ್ತಾರೆ. ನೀರುಗಂಟಿಯೂ ಪ್ರಾಮಾಣಿಕರೇ. ವಾರದ ನಂತರ ಏಳೆಂಟು ಮನೆಗಳ ಹಣವನ್ನು ಒಟ್ಟಾಗಿ ಕಚೇರಿಗೆ ಕಟ್ಟುತ್ತಾರೆ. ಯಾವ ಮನೆಯದು ಎಷ್ಟು ಎಂದು ಬರೆದಿಟ್ಟ ಚೀಟಿ ಮಾತ್ರ ಅಷ್ಟರಲ್ಲಿ ಕಳೆದಿರುತ್ತದೆ. ವರ್ಷ ಕಳೆದು ಆ ವೃದ್ಧೆ ಇ-ಸ್ವತ್ತು ನಮೂನೆ ಪಡೆಯಲು ಹೋದಾಗ ಬಾಕಿ ತೀರಿಸಿ ಬರುವಂತೆ ಉತ್ತರ ಬರುತ್ತದೆ. ಅವರ ಬಳಿ ರಸೀದಿಯಿಲ್ಲ; ಮಗನ ಫೋನಿನಲ್ಲಿರುವುದು ನೀರುಗಂಟಿಯ ಹೆಸರಿಗೆ ಹಣ ಹೋದ ದಾಖಲೆ. ಯಾರೂ ಕದಿಯದಿದ್ದರೂ 1,340 ರೂಪಾಯಿಯನ್ನು ಎರಡನೆಯ ಬಾರಿ ತೆರಬೇಕಾದ ಸ್ಥಿತಿ ಆ ಮನೆಗೆ ಬಂದಿದೆ.

ಕರ ಪಾವತಿಯಲ್ಲಿ ಮೂರು ಹಂತಗಳಿವೆ. ಹಣವು ಗ್ರಾಮಸ್ಥರ ಖಾತೆಯಿಂದ ಹೊರಡಬೇಕು. ಗ್ರಾಮ ಪಂಚಾಯತಿ ನಿಧಿಯ ಬ್ಯಾಂಕ್ ಖಾತೆಗೆ ಸೇರಬೇಕು. ಅದೇ ಸ್ವತ್ತಿನ ಬೇಡಿಕೆಯ ಎದುರು ಜಮೆಯಾಗಿ ರಸೀದಿ ಹೊರಬರಬೇಕು. ಫೋನಿನ ಹಸಿರು ಗುರುತು ಹಣ ಹೊರಟು ಯಾವುದೋ ಒಂದು ಖಾತೆಗೆ ಸೇರಿದ್ದನ್ನಷ್ಟೇ ಹೇಳುತ್ತದೆ. ಆ ಖಾತೆ ಪಂಚಾಯತಿಯದೇ, ಸ್ವತ್ತಿನ ಬಾಕಿ ಇಳಿದಿದೆಯೇ ಎಂಬುದನ್ನು ಅದು ತಿಳಿಸದು.

ತಾಗಿಸುವುದು ಮತ್ತು ಸ್ಕ್ಯಾನ್ ಮಾಡುವುದು

ಸ್ಪರ್ಶರಹಿತ ಪಾವತಿ ಎಂಬ ಒಂದೇ ಹೆಸರಿನಡಿ ಎರಡು ವಿಧಾನಗಳು ಬಳಕೆಯಲ್ಲಿವೆ. ಮೊದಲನೆಯದರಲ್ಲಿ ಕಾರ್ಡನ್ನು ಅಥವಾ ಮೊಬೈಲನ್ನು ಪಿಒಎಸ್ ಯಂತ್ರದ ಹತ್ತಿರ ಹಿಡಿಯಲಾಗುತ್ತದೆ. ಎನ್‌ಎಫ್‌ಸಿ ಎಂಬ ಅಲ್ಪದೂರದ ರೇಡಿಯೊ ಸಂಪರ್ಕದಿಂದ ವಿವರಗಳು ಯಂತ್ರಕ್ಕೆ ಹೋಗುತ್ತವೆ. ಈ ಸಂಪರ್ಕ ಸಾಮಾನ್ಯವಾಗಿ ಏರ್ಪಡುವುದು ಸುಮಾರು 4 ಸೆಂಟಿಮೀಟರ್ ಅಂತರದೊಳಗೆ. ಹೀಗಾಗಿ ದಾರಿಯಲ್ಲಿ ಹೋಗುವವರು ದೂರದಿಂದಲೇ ಹಣ ಸೆಳೆಯುತ್ತಾರೆಂಬ ಭಯಕ್ಕೆ ಹೆಚ್ಚಿನ ಆಧಾರವಿಲ್ಲ. ಮೊಬೈಲ್‌ಗೆ ಕಾರ್ಡ್ ಸೇರಿಸಿಕೊಂಡಿದ್ದರೆ ಕಾರ್ಡಿನ ನಿಜ ಸಂಖ್ಯೆಯ ಬದಲು ಟೋಕನ್ ಎಂಬ ಬದಲಿ ಸಂಖ್ಯೆ ಯಂತ್ರಕ್ಕೆ ರವಾನೆಯಾಗುತ್ತದೆ. ಕಾರ್ಡ್ ತಾಗಿಸಿದಾಗ ಪಿನ್ ಇಲ್ಲದೆ ಪಾವತಿಸಬಹುದಾದ ಮಿತಿಯನ್ನು ಭಾರತೀಯ ರಿಸರ್ವ್ ಬ್ಯಾಂಕ್ 2021ರ ಜನವರಿ 1ರಿಂದ 2,000 ರೂಪಾಯಿಯಿಂದ 5,000 ರೂಪಾಯಿಗೆ ಏರಿಸಿದೆ. ಈ ಸೌಲಭ್ಯ ಬೇಡವಾದವರು ತಮ್ಮ ಬ್ಯಾಂಕಿನ ಮೂಲಕ ಅದನ್ನು ಸ್ಥಗಿತಗೊಳಿಸಬಹುದು. ಕಾರ್ಡ್ ಕಳೆದುಕೊಂಡವರಂತೂ ಮೊದಲು ಮಾಡಬೇಕಾದ ಕೆಲಸ ಕಾರ್ಡನ್ನು ತಡೆಹಿಡಿಸುವುದು.

ಎನ್‌ಎಫ್‌ಸಿ ಸೌಲಭ್ಯ ಕಡಿಮೆ ಬೆಲೆಯ ಫೋನುಗಳಲ್ಲಿ ಬಹುಮಟ್ಟಿಗೆ ಇರುವುದಿಲ್ಲ. ಆದ್ದರಿಂದ ಗ್ರಾಮಗಳಲ್ಲಿ ಹೆಚ್ಚು ಬಳಕೆಗೆ ಬಂದಿರುವುದು ಎರಡನೆಯ ವಿಧಾನ, ಅಂದರೆ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಯುಪಿಐ ಮೂಲಕ ಪಾವತಿಸುವುದು. ಕ್ಯೂಆರ್ ಕೋಡ್ 1994ರಲ್ಲಿ ಜಪಾನಿನ ಡೆನ್ಸೊ ವೇವ್‌ನಲ್ಲಿ ವಾಹನಗಳ ಬಿಡಿಭಾಗಗಳ ಜಾಡು ಹಿಡಿಯಲೆಂದು ರೂಪುಗೊಂಡದ್ದು. ಭಾರತೀಯ ರಾಷ್ಟ್ರೀಯ ಪಾವತಿ ನಿಗಮವು 2016ರಲ್ಲಿ ಯುಪಿಐ ಆರಂಭಿಸಿದ ನಂತರ ಅದು ಇಲ್ಲಿನ ಚಹಾದಂಗಡಿಗೂ ಬಂದಿತು. ಆ ಕಪ್ಪು-ಬಿಳಿ ಚೌಕದೊಳಗೆ ಇರುವುದು ಹಣ ತಲುಪಬೇಕಾದ ವಿಳಾಸ, ಅಂದರೆ ಯುಪಿಐ ಐಡಿ ಮತ್ತು ಹೆಸರು. ಮೇಲೆ ಬೇರೆ ಚೀಟಿ ಅಂಟಿಸಿದರೆ ವಿಳಾಸವೇ ಬದಲಾಗುತ್ತದೆ. ನೋಡುವ ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಸ್ಕ್ಯಾನ್ ಮಾಡಿದ ಕೂಡಲೆ ಫೋನಿನಲ್ಲಿ ಮೂಡುವ ಹೆಸರನ್ನು ಪಿನ್ ಒತ್ತುವ ಮುನ್ನ ಓದಬೇಕೆಂದು ಹೇಳುವುದು ಇದೇ ಕಾರಣಕ್ಕೆ. ಪಂಚಾಯತಿಯ ಕೋಡ್ ಆದಲ್ಲಿ ಅಲ್ಲಿ ಪಂಚಾಯತಿಯ ಹೆಸರೇ ಕಾಣಬೇಕು. ಆ ಹೆಸರು ಯಾವ ಅಕ್ಷರಗಳಲ್ಲಿ ಕಾಣುತ್ತದೆ ಎಂಬುದನ್ನು ಫಲಕದ ಪಕ್ಕದಲ್ಲಿ ದೊಡ್ಡದಾಗಿ ಬರೆಸುವುದು ಉಪಯುಕ್ತ.

ಪಿನ್ ಕುರಿತು ಗ್ರಾಮ ಸಭೆಯಲ್ಲಿ ಪದೇ ಪದೇ ಹೇಳಬೇಕಾದ ಮಾತು ಒಂದೇ. ಯುಪಿಐ ಪಿನ್ ಹಣ ಕೊಡಲು ಬೇಕು, ಹಣ ಪಡೆಯಲು ಬೇಡ. ಪಿಂಚಣಿ ಬಂದಿದೆ, ಮನೆಯ ಕಂತು ಬಂದಿದೆ, ಕರದ ಹೆಚ್ಚುವರಿ ಹಣ ಮರಳಿಸುತ್ತೇವೆ ಎಂದು ಕರೆ ಮಾಡಿ ಪಿನ್ ಒತ್ತಲು ಹೇಳುವವರು ಯಾರೇ ಆಗಿದ್ದರೂ ವಂಚಕರೇ. ಹಣ ಹೋದದ್ದು ತಿಳಿದ ತಕ್ಷಣ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸಬೇಕು. ತಡವಾದಷ್ಟೂ ಹಣ ಒಂದು ಖಾತೆಯಿಂದ ಇನ್ನೊಂದಕ್ಕೆ ಸಾಗಿ, ತಡೆಹಿಡಿಯುವುದು ಕಠಿಣವಾಗುತ್ತದೆ.

ಖಾತೆ ಯಾರದು

ಕರ ವಸೂಲಿಗಾರರ, ನೀರುಗಂಟಿಯ, ಕಂಪ್ಯೂಟರ್ ಆಪರೇಟರ್‌ರ ಅಥವಾ ಸದಸ್ಯರದೇ ವೈಯಕ್ತಿಕ ಖಾತೆಗೆ ಪಂಚಾಯತಿಯ ಹಣ ಪಡೆಯುವ ಪದ್ಧತಿ ಎಲ್ಲಿದ್ದರೂ ಅದನ್ನು ನಿಲ್ಲಿಸಬೇಕಾಗಿದೆ. ಸದುದ್ದೇಶದಿಂದ ಪಡೆದರೂ ಅದು ಸಾರ್ವಜನಿಕ ಹಣ ಖಾಸಗಿ ಖಾತೆಯಲ್ಲಿ ಉಳಿದಂತೆಯೇ. ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪಣೆ ಬಂದಾಗ ಪ್ರತಿ ರೂಪಾಯಿಗೂ ಉತ್ತರಿಸಬೇಕಾದವರು ಆ ಖಾತೆಯ ಒಡೆಯರು. ವಾರ್ಡಿನ ಅಜ್ಜಿಯೊಬ್ಬರಿಗೆ ಸಹಾಯ ಮಾಡಲು ಹೋದ ಸದಸ್ಯರು ಅವರ ಪರವಾಗಿ ಪಂಚಾಯತಿಯ ಕೋಡ್‌ಗೇ ನೇರವಾಗಿ ಪಾವತಿಸಿ ರಸೀದಿ ತಂದುಕೊಟ್ಟರೆ ಯಾವ ತೊಡಕೂ ಇಲ್ಲ; ತಮ್ಮ ಫೋನಿಗೆ ಹಣ ಹಾಕಿಸಿಕೊಂಡು ಆಮೇಲೆ ಕಟ್ಟುತ್ತೇನೆ ಎಂದಲ್ಲಿ ತೊಡಕು ಆರಂಭವಾಗುತ್ತದೆ.

ಪಂಚಾಯತಿಯ ಖಾತೆಗೇ ಹಣ ಬಂದರೂ ಇನ್ನೊಂದು ಗೊಂದಲ ಉಳಿಯುತ್ತದೆ. ಮನೆ ತಾಯಿಯ ಹೆಸರಿನಲ್ಲಿ, ಪಾವತಿ ಅಳಿಯನ ಫೋನಿನಿಂದ. ಬ್ಯಾಂಕಿನ ವಿವರಪಟ್ಟಿಯಲ್ಲಿ ಕಾಣುವುದು ಅಳಿಯನ ಹೆಸರು, ದಿನಾಂಕ ಮತ್ತು 12 ಅಂಕಿಗಳ ವ್ಯವಹಾರ ಸಂಖ್ಯೆ. ಯಾವ ಮನೆಯ ಕರ ಎಂಬುದು ಅಲ್ಲಿರುವುದಿಲ್ಲ. ಗೋಡೆಗೆ ಅಂಟಿಸಿದ ಸ್ಥಿರ ಕೋಡ್‌ನ ಮಿತಿ ಇದು. ಮೊತ್ತವನ್ನೂ ಪಾವತಿಸುವವರೇ ಬರೆಯಬೇಕಾದ್ದರಿಂದ 1,340ರ ಬದಲು 1,430 ಬೀಳುವುದೂ ಉಂಟು. ಬೇಡಿಕೆಗೊಂದರಂತೆ ತಯಾರಾಗುವ ಕೋಡ್‌ನಲ್ಲಿ ಮೊತ್ತವೂ ಬೇಡಿಕೆಯ ಸಂಖ್ಯೆಯೂ ಅಡಕವಾಗಿರುತ್ತವೆ. ವಸೂಲಿಗಾರರ ಟ್ಯಾಬ್ಲೆಟ್ ಅಥವಾ ಪಿಒಎಸ್ ಯಂತ್ರದ ಪರದೆಯ ಮೇಲೆ ಅದನ್ನು ತೋರಿಸಿದರೆ ತಪ್ಪಿಗೆ ಅವಕಾಶ ಕಡಿಮೆ. ಟ್ಯಾಬ್ಲೆಟ್ ಕುರಿತು ಒಂದು ಮಾತು: ಯುಪಿಐ ನೋಂದಣಿಗೆ ಬ್ಯಾಂಕಿನಲ್ಲಿ ದಾಖಲಾದ ಮೊಬೈಲ್ ಸಂಖ್ಯೆಯ ಸಿಮ್‌ನಿಂದ ಸಂದೇಶ ಹೋಗಬೇಕು. ಆದ್ದರಿಂದ ಸಿಮ್ ಇಲ್ಲದ ಟ್ಯಾಬ್ಲೆಟ್‌ನಿಂದ ಹಣ ಕೊಡುವುದು ಸಾಮಾನ್ಯವಾಗಿ ಸಾಧ್ಯವಾಗದು. ಕೋಡ್ ತೋರಿಸಿ ಹಣ ಪಡೆಯಲು ಮಾತ್ರ ಅದು ತಕ್ಕ ಸಾಧನ.

ಸ್ಥಿರ ಕೋಡ್ ಒಂದೇ ಇರುವ ಪಂಚಾಯತಿಗಳಲ್ಲಿ ಪಾವತಿಸುವಾಗ ಟಿಪ್ಪಣಿಯ ಜಾಗದಲ್ಲಿ ಸ್ವತ್ತಿನ ಸಂಖ್ಯೆ ಬರೆಯುವ ರೂಢಿ ಮಾಡಿಸಬಹುದು. ರಸೀದಿಯ ಮೇಲೆ 12 ಅಂಕಿಗಳ ವ್ಯವಹಾರ ಸಂಖ್ಯೆಯನ್ನೂ ನಮೂದಿಸತಕ್ಕದ್ದು. ಸಾಮಾನ್ಯ ಸಭೆಯಲ್ಲಿ ಜಮಾ-ಖರ್ಚು ಮಂಡನೆಯಾದಾಗ ಸದಸ್ಯರು ಕೇಳಬಹುದಾದ ಪ್ರಶ್ನೆ ಸರಳವಾಗಿದೆ: ಈ ತಿಂಗಳು ಯುಪಿಐ ಮೂಲಕ ಬ್ಯಾಂಕಿಗೆ ಬಂದ ಮೊತ್ತವೆಷ್ಟು, ರಸೀದಿ ಕೊಟ್ಟ ಮೊತ್ತವೆಷ್ಟು, ಎರಡರ ನಡುವೆ ವ್ಯತ್ಯಾಸವಿದ್ದರೆ ಅದು ಯಾವ ಮನೆಗಳದು? ಬೇಡಿಕೆ-ವಸೂಲಿ-ಬಾಕಿ ತಃಖ್ತೆಯಲ್ಲಿ ಬಾಕಿದಾರರೆಂದು ಹೆಸರು ಓದುವ ಮೊದಲು ಈ ವ್ಯತ್ಯಾಸ ತೀರಿರಬೇಕು. ಕರ ಕಟ್ಟಿದವರನ್ನು ಗ್ರಾಮ ಸಭೆಯಲ್ಲಿ ಬಾಕಿದಾರರೆಂದು ಕರೆದರೆ ಮುಂದಿನ ವರ್ಷದ ವಸೂಲಿಯ ಮೇಲೂ ಅದರ ಪರಿಣಾಮವಾಗುತ್ತದೆ.

ಯುಪಿಐ ಲೈಟ್ ಬಳಸುವವರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಇದರಲ್ಲಿ ಒಮ್ಮೆಗೆ 1,000 ರೂಪಾಯಿವರೆಗೆ ಪಿನ್ ಇಲ್ಲದೆ ಪಾವತಿಸಬಹುದು. ಅದರಲ್ಲಿ ಇಡಬಹುದಾದ ಗರಿಷ್ಠ ಮೊತ್ತ 5,000 ರೂಪಾಯಿ. ಲೈಟ್‌ಗೆ ಹಣ ತುಂಬಿದ್ದು ಪಾಸ್‌ಬುಕ್ಕಿನಲ್ಲಿ ಕಾಣುತ್ತದೆ, ಅಲ್ಲಿಂದ ಮಾಡಿದ ಒಂದೊಂದು ಪಾವತಿ ಕಾಣುವುದಿಲ್ಲ. ನೀರಿನ ಶುಲ್ಕದ 150 ರೂಪಾಯಿ ಕಟ್ಟಿದ್ದಕ್ಕೆ ಪಾಸ್‌ಬುಕ್ ತಂದು ತೋರಿಸಿ ಎಂದರೆ ಅವರು ತೋರಿಸಲಾರರು. ಅವರ ಫೋನಿನ ಆ್ಯಪ್‌ನಲ್ಲಿರುವ ವ್ಯವಹಾರದ ವಿವರವನ್ನು ನೋಡಿ, ಅದನ್ನು ಪಂಚಾಯತಿಯ ಬ್ಯಾಂಕ್ ವಿವರಪಟ್ಟಿಯೊಂದಿಗೆ ತಾಳೆ ಮಾಡಬೇಕಾಗುತ್ತದೆ. ಪರದೆಯ ಚಿತ್ರವೊಂದನ್ನೇ ನಂಬುವುದೂ ಸಲ್ಲದು. ಅಂಥ ಚಿತ್ರಗಳನ್ನು ಸೃಷ್ಟಿಸುವ ನಕಲಿ ಆ್ಯಪ್‌ಗಳಿವೆ.

ಹಣ ಕಡಿತವಾಗಿ ತಲುಪದಿದ್ದಾಗ

ನೆಟ್‌ವರ್ಕ್ ದುರ್ಬಲವಾದ ಊರುಗಳಲ್ಲಿ ಗ್ರಾಮಸ್ಥರ ಖಾತೆಯಿಂದ ಹಣ ಕಡಿತವಾಗಿ, ಪಂಚಾಯತಿಗೆ ಬಂದ ಸೂಚನೆ ಸಿಗದಿರುವ ಸಂದರ್ಭಗಳುಂಟು. ಕೂಡಲೆ ಮತ್ತೊಮ್ಮೆ ಕಟ್ಟಿಸುವುದು ಸರಿಯಲ್ಲ. ರಿಸರ್ವ್ ಬ್ಯಾಂಕಿನ 2019ರ ಸೆಪ್ಟೆಂಬರ್ 20ರ ಆದೇಶದಂತೆ, ಯುಪಿಐ ಮೂಲಕ ವ್ಯಾಪಾರಿ ಖಾತೆಗೆ ಮಾಡಿದ ಪಾವತಿ ಹೀಗೆ ವಿಫಲವಾದರೆ ವ್ಯವಹಾರದ ದಿನದಿಂದ 5 ದಿನಗಳೊಳಗೆ ಹಣ ತಾನಾಗಿಯೇ ಮರಳಬೇಕು. ವ್ಯಕ್ತಿಯಿಂದ ವ್ಯಕ್ತಿಗೆ ಕಳುಹಿಸಿದ್ದಾದರೆ ಮರುದಿನದೊಳಗೆ. ಆ ನಂತರದ ಪ್ರತಿ ದಿನದ ವಿಳಂಬಕ್ಕೆ ಗ್ರಾಹಕರಿಗೆ 100 ರೂಪಾಯಿ ಪರಿಹಾರ ಸಲ್ಲಬೇಕು. ಬ್ಯಾಂಕಿಗೆ ದೂರು ನೀಡಿ 30 ದಿನಗಳಾದರೂ ಉತ್ತರ ಬಾರದಿದ್ದಲ್ಲಿ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ದೂರು ಸಲ್ಲಿಸಬಹುದು. ಅಲ್ಲಿಯವರೆಗೆ ಆ ಮನೆಯ ನೀರಿನ ಸಂಪರ್ಕದ ವಿಚಾರದಲ್ಲಿ ಕಠಿಣ ಕ್ರಮಕ್ಕೆ ಮುಂದಾಗದಂತೆ ನೋಡಿಕೊಳ್ಳುವುದು ಉಚಿತ.

ಫೋನಿನಲ್ಲಿ ಕಟ್ಟಿದರೆ ಹತ್ತು ರೂಪಾಯಿ ಹೆಚ್ಚು ಎಂದು ಕೇಳುವವರ ಬಗ್ಗೆಯೂ ದೂರು ಬರಬಹುದು. ಯುಪಿಐ ಮತ್ತು ರುಪೇ ಡೆಬಿಟ್ ಕಾರ್ಡ್ ಪಾವತಿಗಳಿಗೆ ವ್ಯಾಪಾರಿ ಶುಲ್ಕವನ್ನು 2020ರ ಜನವರಿ 1ರಿಂದ ತೆಗೆದುಹಾಕಲಾಗಿದೆ. ಬ್ಯಾಂಕಿನ ಶುಲ್ಕದ ಹೆಸರಿನಲ್ಲಿ ಹೆಚ್ಚುವರಿ ಕೇಳಲು ಆಧಾರವಿಲ್ಲ.

ಸಂತೆಯ ವ್ಯಾಪಾರಿಗಳ ಆತಂಕ ಬೇರೆ ಬಗೆಯದು. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ವಹಿವಾಟಿನ ಮಾಹಿತಿ ಆಧರಿಸಿ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿದಾಗ ಹಲವರು ಕ್ಯೂಆರ್ ಫಲಕಗಳನ್ನೇ ತೆಗೆದಿಟ್ಟರು. ಸರಕು ಮಾರುವವರಿಗೆ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ. ಸೊಪ್ಪು ಮಾರುವವರು ಪಂಚಾಯತಿಗೆ ಸಂತೆ ಸುಂಕವನ್ನು ಫೋನಿನಲ್ಲಿ ಕಟ್ಟಿದರೆ ಅವರ ಖಾತೆಯಿಂದ ಹಣ ಹೊರಹೋಗುತ್ತದೆಯೇ ಹೊರತು ಅವರ ವ್ಯಾಪಾರದ ಜಮೆ ಹೆಚ್ಚುವುದಿಲ್ಲ. ಇಷ್ಟನ್ನು ಸದಸ್ಯರು ತಿಳಿಸಿ ಹೇಳಿದರೆ ಹೆದರಿಕೆ ಬಹುಪಾಲು ಇಳಿದೀತು.

ಇಷ್ಟೆಲ್ಲದರ ನಡುವೆ ನಗದು ತಂದವರನ್ನು ಹಿಂದಕ್ಕೆ ಕಳುಹಿಸುವಂತಿಲ್ಲ. ಸ್ಮಾರ್ಟ್‌ಫೋನ್ ಇಲ್ಲದವರಿಗಾಗಿ 2022ರ ಮಾರ್ಚ್‌ನಲ್ಲಿ ಬಂದ ಯುಪಿಐ 123ಪೇ ಎಂಬ ಸೌಲಭ್ಯದಲ್ಲಿ ಸಾಧಾರಣ ಕೀಪ್ಯಾಡ್ ಫೋನಿನಿಂದಲೂ ಪಾವತಿಸಬಹುದು. ಆದರೆ ಬ್ಯಾಂಕ್ ಖಾತೆಗೆ ಮೊಬೈಲ್ ಸಂಖ್ಯೆ ಜೋಡಣೆಯಾಗಿರಬೇಕು, ಪಿನ್ ನೆನಪಿನಲ್ಲಿರಬೇಕು. ಪಿನ್ ನೆನಪಿಲ್ಲವೆಂದು ಅದನ್ನು ಫೋನಿನ ಹಿಂಬದಿಯಲ್ಲಿ ಬರೆದಿಟ್ಟುಕೊಂಡು ನೆರೆಯವರ ಕೈಗೆ ಕೊಡುವವರಿಗೆ ನಗದು ಮತ್ತು ಕೈರಸೀದಿಯೇ ಸುರಕ್ಷಿತ.

ಕೊನೆಯದಾಗಿ, ಕಚೇರಿಯಲ್ಲಿ ಬದಲಾವಣೆಯಾದಾಗ ಮರೆತುಹೋಗುವ ಒಂದು ಸಂಗತಿ. ಪಂಚಾಯತಿಯ ಖಾತೆ ಒಂದು ಬ್ಯಾಂಕಿನಿಂದ ಇನ್ನೊಂದಕ್ಕೆ ವರ್ಗವಾದರೆ ಹಳೆಯ ಕೋಡ್ ಹಳೆಯ ಖಾತೆಯನ್ನೇ ಸೂಚಿಸುತ್ತಿರುತ್ತದೆ. ಬ್ಯಾಂಕುಗಳ ವಿಲೀನದ ನಂತರವೂ ಪರಿಶೀಲನೆ ಅಗತ್ಯ. ಕರ್ನಾಟಕ ಗ್ರಾಮೀಣ ಬ್ಯಾಂಕ್ ಹಾಗೂ ಕರ್ನಾಟಕ ವಿಕಾಸ ಗ್ರಾಮೀಣ ಬ್ಯಾಂಕ್ 2025ರ ಮೇ 1ರಂದು ಒಂದಾಗಿವೆ; ಇವುಗಳಲ್ಲಿ ಖಾತೆ ಹೊಂದಿದ್ದ ಪಂಚಾಯತಿಗಳು ತಮ್ಮ ಎಲ್ಲ ಫಲಕಗಳನ್ನು ಒಮ್ಮೆ ಪರೀಕ್ಷಿಸಿಕೊಳ್ಳುವುದು ಒಳಿತು. ಪರೀಕ್ಷೆಗೆ ವಿಶೇಷ ಸಿದ್ಧತೆ ಬೇಡ. ಕಚೇರಿ, ಪಿಒಎಸ್ ಯಂತ್ರ, ಸಂತೆ ಮೈದಾನ ಹೀಗೆ ಎಲ್ಲೆಲ್ಲಿ ಕೋಡ್ ಇದೆಯೋ ಅಲ್ಲೆಲ್ಲ ಸದಸ್ಯರೊಬ್ಬರು ಒಂದೊಂದು ರೂಪಾಯಿ ಪಾವತಿಸಿ, ಆ ರೂಪಾಯಿಗಳು ಪಂಚಾಯತಿ ನಿಧಿಯ ಖಾತೆಯಲ್ಲಿ ಕಾಣುತ್ತವೆಯೇ ಎಂದು ಲೆಕ್ಕ ಸಹಾಯಕರಿಂದ ಖಚಿತಪಡಿಸಿಕೊಂಡರೆ ಸಾಕು. ತೆಗೆದುಹಾಕಿದ ಹಳೆಯ ಫಲಕಗಳನ್ನು ಕಪಾಟಿನಲ್ಲಿ ಇಡದೆ ಹರಿದು ನಾಶಪಡಿಸತಕ್ಕದ್ದು. ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹಂಚಿದ ಹಳೆಯ ಕೋಡ್‌ನ ಚಿತ್ರಕ್ಕೆ ಹಣ ಹಾಕಬಾರದೆಂದು ಅದೇ ಗುಂಪುಗಳಲ್ಲಿ ಪ್ರಕಟಣೆ ಹೊರಡಿಸತಕ್ಕದ್ದು.