ಹೆಲ್ಮುಟ್ ರೆಕ್ನಾಗೆಲ್

ಸ್ಕೀ ಜಿಗಿತದಷ್ಟು ಎದೆಗಾರಿಕೆಯನ್ನು ಬೇಡುವ ಆಟಗಳು ವಿರಳ. ಎರಡು ಉದ್ದನೆಯ ಹಲಗೆಗಳನ್ನು ಕಾಲಿಗೆ ಬಿಗಿದುಕೊಂಡು, ಹಿಮ ಹಾಸಿದ ಇಳಿಜಾರಿನಲ್ಲಿ ವೇಗವಾಗಿ ಜಾರಿ, ಅದರ ಅಂಚಿನಿಂದ ಚಿಮ್ಮಿ, ಗಾಳಿಯಲ್ಲಿ ತೇಲಿ, ಕೆಳಗಿನ ಇಳಿಜಾರಿನ ಮೇಲೆ ಬೀಳದೆ ಇಳಿಯಬೇಕು. ಜಿಗಿದ ದೂರಕ್ಕಷ್ಟೇ ಅಲ್ಲದೆ ಜಿಗಿತದ ಸೊಗಸಿಗೂ ಅಂಕಗಳುಂಟು. ಈ ಆಟದ ಚರಿತ್ರೆಯಲ್ಲಿ ಹೊಸ ಹಾದಿ ತೆರೆದ ಜರ್ಮನಿಯ ಹೆಲ್ಮುಟ್ ರೆಕ್ನಾಗೆಲನ ವಿಷಯವಾಗಿ ನಾಲ್ಕು ಮಾತು ಬರೆಯಬಯಸುತ್ತೇನೆ.

1924ರಿಂದ 1952ರವರೆಗೆ ನಡೆದ ಆರು ಚಳಿಗಾಲದ ಒಲಿಂಪಿಕ್ ಕೂಟಗಳಲ್ಲಿ ಜಿಗಿತದ ಚಿನ್ನದ ಪದಕ ನಾರ್ವೆಯವರಿಗೇ ಸಂದಿತು. 1956ರಲ್ಲಿ ಫಿನ್ಲೆಂಡಿನ ಪಾಲಾಯಿತು. ಉತ್ತರದ ಹಿಮನಾಡುಗಳಲ್ಲಿ ಹುಟ್ಟಿದವರಿಗಲ್ಲದೆ ಇತರರಿಗೆ ಈ ವಿದ್ಯೆ ಪೂರ್ಣವಾಗಿ ಒಲಿಯದೆಂದು ಯಾರಿಗಾದರೂ ತೋರುವಂತಿತ್ತು.

ರೆಕ್ನಾಗೆಲ್ ಹುಟ್ಟಿದ್ದು 1937ರಲ್ಲಿ, ಜರ್ಮನಿಯ ಥುರಿಂಗಿಯಾ ಪ್ರಾಂತದಲ್ಲಿ. ಕಲಿತದ್ದು ಉಪಕರಣ ತಯಾರಿಸುವ ಕೆಲಸ. ಆತನ ಶಿಕ್ಷಕ ಹಾನ್ಸ್ ರೆನ್ನರ್ 1954ರಲ್ಲಿ ಒಂದು ಉಪಾಯ ಹೂಡಿದ. ಇಳಿಜಾರಿಗೆ ಪ್ಲಾಸ್ಟಿಕ್ ಚಾಪೆಗಳನ್ನು ಹಾಸಿದರೆ ಹಿಮವಿಲ್ಲದ ಬೇಸಗೆಯಲ್ಲಿಯೂ ಜಿಗಿಯಬಹುದಲ್ಲವೆ? ಪ್ರಕೃತಿ ಕೊಡದಿದ್ದ ಅಭ್ಯಾಸದ ದಿನಗಳನ್ನು ಮನುಷ್ಯನ ಬುದ್ಧಿ ಹೀಗೆ ಒದಗಿಸಿತು.

1957ರಲ್ಲಿ ರೆಕ್ನಾಗೆಲ್ ನಾರ್ವೆಯ ಪ್ರಸಿದ್ಧ ಹೋಲ್ಮೆನ್‌ಕೋಲೆನ್ ಬೆಟ್ಟದಲ್ಲಿಯೇ ಗೆದ್ದನು. ನಾಲ್ಕು ಬೆಟ್ಟಗಳ ಪಂದ್ಯಾವಳಿಯನ್ನು ಮೂರು ಬಾರಿ ಗೆದ್ದನು. 1960ರ ಫೆಬ್ರವರಿ 28ರಂದು ಅಮೆರಿಕದ ಸ್ಕ್ವಾ ವ್ಯಾಲಿಯಲ್ಲಿ 93.5 ಮತ್ತು 84.5 ಮೀಟರು ಜಿಗಿದು ಒಲಿಂಪಿಕ್ ಚಿನ್ನವನ್ನು ಪಡೆದನು. ಎರಡನೆಯವನು ಫಿನ್ಲೆಂಡಿನ ನೀಲೊ ಹಾಲೋನೆನ್. ಉತ್ತರದ ನಾಡುಗಳ ಹೊರಗೆ ಈ ಪದಕ ಹೋದದ್ದು ಅದೇ ಮೊದಲು.

ಆಗ ಜರ್ಮನಿ ಎರಡು ರಾಜ್ಯಗಳಾಗಿ ಒಡೆದಿತ್ತು. ರೆಕ್ನಾಗೆಲ್ ಪೂರ್ವ ಜರ್ಮನಿಯವನು. ಆದರೂ ಒಲಿಂಪಿಕ್ ಕೂಟಕ್ಕೆ ಎರಡೂ ಕಡೆಯವರು ಒಂದೇ ತಂಡವಾಗಿ ಬಂದಿದ್ದರು. ಅವರ ಧ್ವಜದಲ್ಲಿ ಐದು ಒಲಿಂಪಿಕ್ ಬಳೆಗಳಿದ್ದವು. ವಿಜಯಗೀತವಾಗಿ ಬೀಥೋವನ್ನನ ಒಂಬತ್ತನೆಯ ಸಿಂಫೊನಿಯ ರಾಗವನ್ನು ನುಡಿಸುತ್ತಿದ್ದರು. ರಾಜಕೀಯವು ಬೇರ್ಪಡಿಸಿದ ಜನರನ್ನು ಸಂಗೀತ ಒಂದು ಗಳಿಗೆ ಕೂಡಿಸಿತೆಂಬುದು ನನಗೆ ಬಹಳ ಹಿಡಿಸಿದ ಸಂಗತಿ.

ಎರಡು ಕೈಗಳನ್ನೂ ತಲೆಯ ಮುಂದಕ್ಕೆ ಚಾಚಿ ಹಾರುವುದು ಆತನ ಶೈಲಿ. ಕೈಗಳನ್ನು ಮೈಗೆ ಒತ್ತಿಕೊಳ್ಳುವ ಹೊಸ ಕ್ರಮವನ್ನು ಸ್ವಿಟ್ಜರ್ಲೆಂಡಿನ ಆಂಡ್ರಿಯಾಸ್ ಡೇಷರ್ ಆಗಲೇ ತೋರಿಸಿಕೊಟ್ಟಿದ್ದನು. ಆದರೂ ಹಳೆಯ ಶೈಲಿಯಲ್ಲಿಯೇ ಗೆಲ್ಲುತ್ತ ಬಂದ ರೆಕ್ನಾಗೆಲ್ 1962ರಲ್ಲಿ ಪೋಲೆಂಡಿನ ಜಾಕೊಪಾನೆಯಲ್ಲಿ ವಿಶ್ವವಿಜೇತನಾದನು. ಮುಂದೆ ಕ್ರೀಡೆಯಿಂದ ನಿವೃತ್ತನಾಗಿ, ಪಶುವೈದ್ಯಶಾಸ್ತ್ರವನ್ನು ಓದಿ ಪಶುವೈದ್ಯನಾದನು.

ಆತನ ಜಿಗಿತದ ಭಂಗಿ ಇಂದು ಬಳಕೆಯಲ್ಲಿಲ್ಲ. ಆದರೆ ಆತನ ಗುರು ಹಾಸಿದ ಚಾಪೆ ಉಳಿದಿದೆ. ಬೇಸಗೆಯಲ್ಲಿ ಅಂತಹ ಚಾಪೆಗಳ ಮೇಲೆ ಅಂತರರಾಷ್ಟ್ರೀಯ ಪಂದ್ಯಗಳೇ ನಡೆಯುತ್ತವೆ. ಹುಟ್ಟಿದ ನೆಲ ಕೊಡದಿದ್ದುದನ್ನು ಎಡೆಬಿಡದ ಅಭ್ಯಾಸ ಕೊಡಬಲ್ಲದು. ವಿದ್ಯಾರ್ಥಿಗಳಾದ ನಮಗೆ ಈ ಜೀವನದಿಂದ ದೊರೆಯುವ ಪಾಠ ಇದೇ ಎಂದು ನಾನು ಭಾವಿಸುತ್ತೇನೆ.