ಮೂರನೇ ಕ್ಲಾರಿನೆಟ್‌ನವನ ಪಾಠಗಳು

ಮೈಸೂರಿನ ಶಾಲಾ ಬ್ಯಾಂಡ್‌ನಲ್ಲಿ ಕ್ಲಾರಿನೆಟ್ ಊದಲು ಕಲಿತವನು ನಾನು. ಈಗ ಕ್ಯಾಲಿಫೋರ್ನಿಯಾದ ಒಂದು ಹವ್ಯಾಸಿ ಬ್ಯಾಂಡ್‌ನಲ್ಲಿ ಮೂರನೇ ಕ್ಲಾರಿನೆಟ್. ನಾಲ್ಕನೆಯದು ಇಲ್ಲದ್ದರಿಂದ ಮೂರನೆಯದು. ಎರಡನೇ ಮಹಾಯುದ್ಧದ ಕಾಲದ ರಚನೆಗಳನ್ನಷ್ಟೇ ನುಡಿಸೋಣ ಎಂಬ ಮಾತು ಬಂದಾಗ ಮೊದಲು ಕೈ ಎತ್ತಿದವನು ನಾನು. ಹೆಚ್ಚು ತಪ್ಪು ಮಾಡಿದವನೂ ನಾನೇ.

1. ಯುದ್ಧಕಾಲದ್ದೆಲ್ಲ ರಣಕಹಳೆಯಲ್ಲ

ಡೇರಿಯಸ್ ಮಿಯೋ ಅವರ 'ಸ್ವೀಟ್ ಫ್ರಾನ್ಸೇಸ್' ಕೈಗೆ ಬಂತು. 1944 ಎಂದು ಕಂಡದ್ದೇ ತಡ, ಕೆನ್ನೆ ಉಬ್ಬಿಸಿ ಊದಿದೆ. ಕಂಡಕ್ಟರ್ ಎರಡು ಸಲ ನಿಲ್ಲಿಸಿದರು. ಮೂರನೇ ಸಲ ನನ್ನನ್ನೇ ನೋಡಿದರು. ಅದರ ಐದು ಭಾಗಗಳಿಗೂ ಫ್ರಾನ್ಸಿನ ಪ್ರಾಂತ್ಯಗಳ ಹೆಸರು, ಒಳಗೆಲ್ಲ ಅಲ್ಲಿನ ಜನಪದ ಧಾಟಿ. ಯಹೂದಿಯಾಗಿದ್ದ ಮಿಯೋ 1940ರಲ್ಲಿ ದೇಶ ಬಿಟ್ಟು ಓಕ್ಲೆಂಡ್‌ನ ಮಿಲ್ಸ್ ಕಾಲೇಜಿಗೆ ಪಾಠ ಹೇಳಲು ಬಂದವರು. ಅಮೆರಿಕದ ಮಕ್ಕಳು ತಮ್ಮ ಅಪ್ಪ, ಅಣ್ಣಂದಿರು ಕಾದಾಡಿದ ನೆಲದ ಹಾಡುಗಳನ್ನು ಕೇಳಲಿ ಎಂದು ಇದನ್ನು ಬರೆದರು. ಕೊನೆಯ ಭಾಗ ಪ್ರೊವಾನ್ಸ್, ಅವರೇ ಬೆಳೆದ ನಾಡು. ನಾನು ಊದಿದ್ದು ಮಾತ್ರ ಫಿರಂಗಿಯ ಸದ್ದು.

2. ಶಾಲೆಯವರಿಗೆ ಬರೆದದ್ದು ಸುಲಭವೆಂದು ನಂಬಬೇಡಿ

ಆರ್ನಾಲ್ಡ್ ಷೋನ್‌ಬರ್ಗ್‌ರ 'ಥೀಮ್ ಅಂಡ್ ವೇರಿಯೇಷನ್ಸ್' ಶಾಲಾ ಬ್ಯಾಂಡ್‌ಗಳಿಗೆಂದು 1943ರಲ್ಲಿ ಬರೆದದ್ದು. ಹನ್ನೆರಡು ಸ್ವರಗಳ ಪದ್ಧತಿ ಕಟ್ಟಿದವರು ಇಲ್ಲಿ ಕಿವಿಗೆ ಪರಿಚಿತವಾದ ಜಿ ಮೈನರ್‌ಗೆ ಮರಳಿದ್ದಾರೆಂದು ಕೇಳಿ, ಹಾಳೆಯನ್ನು ಮನೆಯಲ್ಲಿ ಬಿಚ್ಚಲೇ ಇಲ್ಲ. ಏಳು ವೇರಿಯೇಷನ್‌ಗಳಲ್ಲಿ ಎರಡನೆಯದಕ್ಕೇ ದಾರಿ ತಪ್ಪಿದೆ. ಶಾಲಾ ಬ್ಯಾಂಡ್‌ಗಳಿಗೂ ಅದು ದಕ್ಕಿರಲಿಲ್ಲವಂತೆ. 1944ರಲ್ಲಿ ಮೊದಲು ಕೇಳಿಸಿದ್ದು ಬಾಸ್ಟನ್ ಸಿಂಫನಿ ನುಡಿಸಿದ ಆರ್ಕೆಸ್ಟ್ರಾ ರೂಪ. ಇದು ಸಮಾಧಾನ ತಂದಿತು, ಬೆರಳು ಮಾತ್ರ ಓಡಲಿಲ್ಲ.

3. ಸುಮ್ಮನಿರುವುದನ್ನೂ ಅಭ್ಯಾಸ ಮಾಡಬೇಕು

ಬಿಡುವಿನ ಮಾತ್ರೆಗಳನ್ನು ಎಣಿಸುವ ಕೆಲಸವನ್ನು ಪಕ್ಕದವರಿಗೆ ಬಿಟ್ಟಿದ್ದೆ. ಕಛೇರಿಯ ದಿನ ಅವರಿಗೆ ಜ್ವರ. ನಾನು ಒಂದು ಆವರ್ತ ಮುಂಚೆಯೇ, ಸಭಾಂಗಣವೆಲ್ಲ ಮೌನವಾಗಿದ್ದಾಗ, ಒಬ್ಬನೇ ಊದಿದೆ. ಅದಕ್ಕಿಂತ ಉದ್ದದ ಸ್ವರವನ್ನು ನಾನು ಕೇಳಿಲ್ಲ. ಈಗ ಬೆರಳು ಮಡಚಿ ಎಣಿಸುತ್ತೇನೆ, ನಾಚಿಕೆಯಿಲ್ಲ.

4. ಇಸವಿ ಒಂದೇ ಆದರೂ ಬಾಳು ಒಂದಲ್ಲ

ರಿಚರ್ಡ್ ಸ್ಟ್ರಾಸ್‌ರ 16 ಗಾಳಿವಾದ್ಯಗಳ ಸೊನಾಟಿನಾದಲ್ಲಿ ನನಗೆ ಜಾಗ ಸಿಗಲಿಲ್ಲ. ಹಾಗಾಗಿ ಕಾರ್ಯಕ್ರಮದ ಕೈಪಿಡಿ ಬರೆಯುವ ಕೆಲಸ ಅಂಟಿಕೊಂಡಿತು. 1943ರ ಮೂರು ರಚನೆಗಳನ್ನು ಒಂದೇ ವಾಕ್ಯದಲ್ಲಿ ಕಟ್ಟಿ, ಎಲ್ಲವೂ ಗೆಲುವಿನ ಆಸೆಯಿಂದ ಹುಟ್ಟಿದವು ಎಂದು ಬರೆದುಬಿಟ್ಟೆ. ವಿರಾಮದಲ್ಲಿ ಒಬ್ಬ ಹಿರಿಯರು ಕೈಪಿಡಿ ಹಿಡಿದು ಬಂದು, ಯಾರ ಗೆಲುವು ಎಂದು ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಆ ಮೂರರಲ್ಲಿ ಒಂದಾದ 'ಕಮಾಂಡೋ ಮಾರ್ಚ್' ಬರೆದಾಗ ಸ್ಯಾಮ್ಯುಯೆಲ್ ಬಾರ್ಬರ್ ಅಮೆರಿಕದ ಸೇನೆಯಲ್ಲಿದ್ದರು. ಷೋನ್‌ಬರ್ಗ್ ನಾಜಿಗಳಿಂದ ತಪ್ಪಿಸಿಕೊಂಡು ಲಾಸ್ ಏಂಜಲೀಸ್ ಸೇರಿದ್ದರು. ಎಂಬತ್ತರ ಹೊಸ್ತಿಲಲ್ಲಿದ್ದ ಸ್ಟ್ರಾಸ್ ಜರ್ಮನಿಯಲ್ಲೇ ಕಾಯಿಲೆಯಿಂದ ಚೇತರಿಸಿಕೊಳ್ಳುತ್ತಿದ್ದರು. 1933ರಿಂದ 1935ರವರೆಗೆ ನಾಜಿ ಸರ್ಕಾರದ ಸಂಗೀತ ಮಂಡಳಿಯ ಅಧ್ಯಕ್ಷರಾಗಿದ್ದವರು ಅವರು. ಅವರ ಸೊಸೆ ಯಹೂದಿ. ಇದನ್ನೆಲ್ಲ ಒಂದು ವಾಕ್ಯಕ್ಕೆ ತುರುಕಿದವನು ನಾನು. ಮಿಯೋ, ಷೋನ್‌ಬರ್ಗ್ ಓಡಿಬಂದ ಇದೇ ರಾಜ್ಯಕ್ಕೆ ನಾನು ವೀಸಾ ಹಿಡಿದು, ಉಪ್ಪಿನಕಾಯಿ ಕಟ್ಟಿಕೊಂಡು ಬಂದವನು. ಅಷ್ಟಾದರೂ ಯೋಚಿಸಬೇಕಿತ್ತು.

ನೀವೂ ಇಂಥ ಕಛೇರಿ ಮಾಡುವುದಾದರೆ ಒಂದು ಕೋರಿಕೆ: ಕೈಪಿಡಿಯಲ್ಲಿ ಇಸವಿಯ ಪಕ್ಕ ಊರಿನ ಹೆಸರನ್ನೂ ಅಚ್ಚು ಹಾಕಿಸಿ. ಬರೆದವರು ಆಗ ಎಲ್ಲಿದ್ದರು ಎಂಬುದು ಕೇಳುಗರಿಗೆ ಗೊತ್ತಿರಲಿ, ಮೂರನೇ ಕ್ಲಾರಿನೆಟ್‌ನವನಿಗೂ.